ನಮ್ಮ ಲೈನಿನ ಓಡಾಡುವ ಕಾಯಿ

ಎಪ್ಪತ್ತು ರೂಪಾಯಿ ಹೇಳಿದ ತೆಂಗಿನಕಾಯಿಗೆ ಎಪ್ಪತ್ತನ್ನೇ ಕೊಟ್ಟು ಬಂದೆ. ಒಂದಕ್ಕಲ್ಲ, ಐದಕ್ಕೆ. ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಯಿ ದರ ಇಳಿಯುವುದಿಲ್ಲ ಎನ್ನುವುದು ಇಳಿಸಲು ಬಾರದವರ ಮಾತು. ಒಂದು ಕಾಯಿ ಹಿಡಿದು ದರ ಕೇಳಿದರೆ ಯಾರೂ ಇಳಿಸುವುದಿಲ್ಲ. ಐದನ್ನು ಆರಿಸಿ ಪಕ್ಕಕ್ಕಿಟ್ಟು, ಚೀಲ ಬಿಡಿಸಿ, ಆಮೇಲೆ ಕೇಳಬೇಕು. ಆರಿಸಿಟ್ಟದ್ದನ್ನು ಮತ್ತೆ ರಾಶಿಗೆ ಹಾಕಲು ಯಾವ ಅಂಗಡಿಯವನಿಗೂ ಮನಸ್ಸು ಬರುವುದಿಲ್ಲ. ನಾನೂ ನಾಲ್ಕು ಆರಿಸಿಟ್ಟಿದ್ದೆ. ಐದನೆಯದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ನೀರಿನ ಸದ್ದಿಲ್ಲ. ಒಣಗಿದ ಗಿಟುಕು ಚಿಪ್ಪಿಗೆ ಬಡಿದು ಕಟಕಟ ಎಂದಿತು, ಅಷ್ಟೆ. ಆ ಸದ್ದು ಕೇಳಿದ್ದೇ ಚೌಕಾಸಿ ಮರೆತೆ.

"ಏನಮ್ಮಾ, ಇವತ್ತು ಜಗಳ ಇಲ್ವಾ?" ಎಂದು ಅಂಗಡಿಯವನೇ ಕೇಳಿದ.

ಆ ಕಾಯಿಯನ್ನು ಬದಲಿಸಿಕೊಂಡು, ಅವನು ಕೇಳಿದಷ್ಟನ್ನೂ ಕೊಟ್ಟು, ಚಿಲ್ಲರೆ ಕೂಡ ಎಣಿಸದೆ ಬಂದುಬಿಟ್ಟೆ. ದಾರಿಯುದ್ದಕ್ಕೂ ಎದುರುಮನೆ ಅಕ್ಕನ ಮುಖ...

ಎದುರುಮನೆ ಅಕ್ಕ ಎಂದರೆ ಈಗ ನಮ್ಮ ಎದುರಿಗಿರುವವರಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ನಾವು ಬಾಡಿಗೆಗಿದ್ದ ಲೈನ್ ಮನೆಗಳ ಕಾಲದವರು. ಈ ಕಡೆ ನಾಲ್ಕು ಮನೆ, ಆ ಕಡೆ ನಾಲ್ಕು, ನಡುವೆ ಎರಡು ಸೈಕಲ್ ಹಾಯುವಷ್ಟು ಜಾಗ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ. ಗಂಡಸರೆಲ್ಲ ಕಾರ್ಖಾನೆಯವರು. ನಾನು ಮದುವೆಯಾಗಿ ಅಲ್ಲಿಗೆ ಬರುವ ಹೊತ್ತಿಗೆ ಕಾರ್ಖಾನೆ ಮಂಕಾಗಿತ್ತು. ಸಂಬಳ ಮೊದಲು ಹತ್ತನೇ ತಾರೀಕಿಗೆ ಹೋಯಿತು, ಆಮೇಲೆ ಇಪ್ಪತ್ತಕ್ಕೆ. ಆಮೇಲೆ ಯಾವ ತಿಂಗಳ ಸಂಬಳ ಎಂದು ಕೇಳುವುದನ್ನೇ ಬಿಟ್ಟೆವು.

ಬಂದ ವಾರದಲ್ಲೇ ನಾನು ಹೀರೆಕಾಯಿ ಹೆರೆದು ಸಿಪ್ಪೆಯನ್ನು ಹೊರಗೆ ಹಾಕಿದ್ದೆ. ಎತ್ತರದ, ತೆಳ್ಳನೆಯ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಸಿಪ್ಪೆಯನ್ನು ಬೊಗಸೆಯಲ್ಲಿ ಹಿಡಿದು ಬಂದರು.

"ಏ ಮಾರಾಯ್ತಿ, ನಾಳೆ ಬೆಳಗಿನ ಚಟ್ನಿನ ಬೀದಿಗೆ ಬಿಸಾಕಿದ್ದೀಯಲ್ಲೇ? ನಿಮ್ಮಪ್ಪಂದೇನು ಅಡಿಕೆ ಮಂಡಿ ಇದ್ಯಾ?"

ನನಗೆ ಸಿಟ್ಟು ಬಂತು. ಮಾರನೆಯ ದಿನ ಅವರೇ ಕೊಟ್ಟ ಸಿಪ್ಪೆ ಚಟ್ನಿ ತಿಂದಮೇಲೆ ಸಿಟ್ಟು ಹೋಯಿತು. ಅವತ್ತಿನಿಂದ ಅವರು ನನಗೆ ಅಕ್ಕ. ಇವತ್ತು ನನ್ನದೊಂದು ಅಂಗಡಿಯಿದೆ, ಬ್ಲೌಸ್ ಪೀಸು, ಫಾಲು, ಲೈನಿಂಗ್ ಬಟ್ಟೆ ಮಾರುತ್ತೇನೆ. ಹೋಲ್‌ಸೇಲಿನವರು ನನ್ನನ್ನು ಕಂಡರೆ ಕ್ಯಾಲ್ಕ್ಯುಲೇಟರ್ ಒಳಗಿಡುತ್ತಾರೆ. ಯಾರಿಂದಲೂ ಕಲಿಯಲಿಲ್ಲ, ಸ್ವಂತ ಬುದ್ಧಿ ಎಂದು ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ಬಂಡವಾಳ ಆ ಅಕ್ಕನದು.

ಸಂಜೆ ನಲ್ಲಿ ನೀರು ಬರುವ ಹೊತ್ತಿಗೆ ನಮ್ಮ ಸಭೆ. ಕೊಡ ತುಂಬುವಷ್ಟರಲ್ಲಿ ಒಬ್ಬೊಬ್ಬರೂ ಅವತ್ತು ಏನು ಉಳಿಸಿದೆವೆಂದು ಹೇಳಬೇಕು. ಹೊಸ ಸೋಪನ್ನು ಬಿಸಿಲಿನಲ್ಲಿ ಒಣಗಿಸಿ ಬಳಸಿದರೆ ಬೇಗ ಸವೆಯುವುದಿಲ್ಲ. ಸಂತೆಗೆ ಮೋಡ ಕವಿದ ಸಂಜೆ ಹೋಗಬೇಕು. ಮಳೆಗೆ ಹೆದರಿ ಸೊಪ್ಪಿನವರು ಸಿಕ್ಕ ದರಕ್ಕೆ ಕೊಟ್ಟು ಏಳುತ್ತಾರೆ. ಹೊಳೆಹೊನ್ನೂರಿನ ಕಡೆಯ ರೈಸ್ ಮಿಲ್ಲಿನಿಂದ ಅಕ್ಕ ಒಂದು ಮೂಟೆ ನುಚ್ಚಕ್ಕಿ ತರಿಸಿ, ಅಳೆದು ಎಂಟು ಮನೆಗೆ ಹಂಚುತ್ತಿದ್ದರು. ದೋಸೆಗೆ, ಇಡ್ಲಿಗೆ ನುಚ್ಚೇ ಸಾಕು, ಇಡೀ ಅಕ್ಕಿ ನೆನೆಸಿ ರುಬ್ಬುವುದು ದಂಡ ಎನ್ನುವುದು ಅವರ ವಾದ. ಈಗಲೂ ನಾನು ಹಾಗೇ ಮಾಡುತ್ತೇನೆ. ನೀವೂ ಮಾಡಿ ನೋಡಿ.

"ತೊಗರಿಬೇಳೆನ ಒಂದು ಗಂಟೆ ನೆನೆಸಿಟ್ರೆ ಗ್ಯಾಸ್ ಅರ್ಧ ಸಾಕು ಕಣ್ರೇ" ಎಂದು ಅಕ್ಕ ಒಂದು ದಿನ ಹೇಳಿದಾಗ, ಕೊನೆಮನೆಯ ತೆಲುಗಿನವರು ಕೊಡ ಇಳಿಸಿ, "ನಮ್ಮನೆಯವ್ರನ್ನೂ ಒಂದು ರಾತ್ರಿ ನೆನೆಸಿಡ್ತೀನಿ ತಡೀರಿ, ಮೆತ್ತಗಾಗ್ತಾರಾ ನೋಡಣ" ಎಂದರು. ನಕ್ಕೂ ನಕ್ಕೂ ಅಕ್ಕನ ಕೊಡದ ನೀರೆಲ್ಲ ಚೆಲ್ಲಿಹೋಯಿತು. ಆ ಕಾಲದಲ್ಲಿ ನಾವು ಅಷ್ಟು ನಗುತ್ತಿದ್ದೆವು ಎಂದರೆ ಈಗ ನನಗೇ ಆಶ್ಚರ್ಯ...

ಓಡಾಡುವ ಕಾಯಿ ಹುಟ್ಟಿದ್ದು ಆ ನಲ್ಲಿಯ ಬಳಿಯೇ. ಶ್ರಾವಣ ಬಂತೆಂದರೆ ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವುದು, ಹೋಗುವುದು ಮುಗಿಯುವುದೇ ಇಲ್ಲ. ಬಂದ ಮುತ್ತೈದೆಯನ್ನು ಬರಿ ಕೈಯಲ್ಲಿ ಕಳಿಸುವ ಹಾಗಿಲ್ಲ. ಎಲೆ ಅಡಿಕೆಯ ಜೊತೆ ಒಂದು ಕಾಯಿ ಇಡಬೇಕು. ಎಂಟು ಮನೆಯವರು ಎಂಟು ಮನೆಗೆ ಕಾಯಿ ಕೊಡುತ್ತ ಹೋದರೆ ಗತಿಯೇನು? ಕೊಡದಿದ್ದರೆ ಮರ್ಯಾದೆಯ ಗತಿಯೇನು? ಅಕ್ಕ ಒಂದು ಒಳ್ಳೆಯ ಕಾಯಿ ತಂದು, ಅದರ ಜುಟ್ಟಿಗೆ ಅರಿಶಿನದ ದಾರ ಸುತ್ತಿ ಗಂಟು ಹಾಕಿದರು. ಇದು ಲೈನಿನ ಕಾಯಿ. ನಾನು ನಿಮ್ಮ ಮನೆಗೆ ಬಂದರೆ ನೀವು ಇದನ್ನು ನನ್ನ ಉಡಿಗೆ ಹಾಕುತ್ತೀರಿ. ಮಾರನೆಯ ಶುಕ್ರವಾರ ನನ್ನ ಮನೆಗೆ ಬಂದವರಲ್ಲಿ ಸರದಿಯಿದ್ದವರ ಉಡಿಗೆ ನಾನು ಹಾಕುತ್ತೇನೆ, ಉಳಿದವರಿಗೆ ಎಲೆ ಅಡಿಕೆ ಸಾಕು. ಯಾರೂ ಒಡೆಯುವಂತಿಲ್ಲ. ಅಲ್ಲಾಡಿಸಿದರೆ ಕಟಕಟ ಎನ್ನುವಷ್ಟು ಒಣಗಿದ ಮೇಲೆ ಒಡೆದು ಎಂಟು ಪಾಲು ಮಾಡಿ, ಹೊಸದಕ್ಕೆ ದಾರ ಕಟ್ಟುವುದು. ಹೊರಗಿನವರು ಬಂದರೆ ಮಾತ್ರ ಬೇರೆ ಕಾಯಿ ತರಬೇಕು. ಇದು ಹೆಂಗಸರ ನಡುವಿನ ಏರ್ಪಾಟು, ಗಂಡಸರಿಗೆ ಗೊತ್ತಿರಲಿಲ್ಲ. ಸಂಬಳವಿಲ್ಲದ ಗಂಡಸಿಗೆ ಮನೆಯ ಕಾಯಿಯೂ ಎರವಲು ಎಂದು ಹೇಳಲು ನಮಗ್ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ಓದು ಮುಗಿಸಿ ಹೊಲಿಗೆ ಕಲಿತಿದ್ದಳು. ಅವಳನ್ನು ನೋಡಲು ಶಿವಮೊಗ್ಗದಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ನಮ್ಮ ಲೈನಿಗೆ ಹಬ್ಬ ಬಂದ ಹಾಗಾಯಿತು. ಹುಡುಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕಿದ್ದ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು. ನಮ್ಮ ಕಣ್ಣಿಗೆ ಅದಕ್ಕಿಂತ ದೊಡ್ಡ ಗುಣ ಬೇರೆ ಇರಲಿಲ್ಲ.

ಅಕ್ಕನ ಮನೆಯಲ್ಲಿ ಕುರ್ಚಿ ಎರಡಿದ್ದವು, ಒಂದರ ಕೈ ಮುರಿದಿತ್ತು. ನಮ್ಮ ಮನೆಯ ನಾಲ್ಕು ಕೆಂಪು ಪ್ಲಾಸ್ಟಿಕ್ ಕುರ್ಚಿ ಅಲ್ಲಿಗೆ ಹೋದವು. ಕೊನೆಮನೆಯ ಹೂವಿನ ಪರದೆ ಹೋಯಿತು. ಪಕ್ಕದವರ ಸ್ಟೀಲ್ ಲೋಟ, ಇನ್ನೊಬ್ಬರ ಗೋಡೆ ಗಡಿಯಾರ... ಹುಡುಗಿಗೆ ಉಡಿಸಲು ನನ್ನ ಮದುವೆಯ ಹಸಿರು ಸೀರೆ, ಮಾವಿನಕಾಯಿ ಅಂಚಿನದು, ನಾನೇ ಕೊಟ್ಟೆ. ಹೊಸ ಕಾಯಿಯನ್ನೂ ನಾನೇ ಆರಿಸಿ ತಂದೆ. ಆ ವಾರ ದಾರ ಕಟ್ಟಿದ ಕಾಯಿ ಸರದಿಯ ಪ್ರಕಾರ ಅಕ್ಕನ ಮನೆಯಲ್ಲೇ ಇತ್ತು. ಎರಡೂ ಕಾಯಿ ದೇವರ ಮುಂದೆ ಅಕ್ಕಪಕ್ಕದಲ್ಲಿ ಕೂತಿದ್ದವು.

ಅವತ್ತು ಬೆಳಿಗ್ಗೆ ಅಕ್ಕನ ಯಜಮಾನರು ಸ್ನಾನ ಮಾಡಿ, ಮಗಳಿಗೆ ಒಳ್ಳೆಯದಾಗಲಿ ಎಂದು ಗಣಪತಿಗೆ ಕೈಮುಗಿದು, ಎದುರಿಗಿದ್ದ ಎರಡು ಕಾಯಿಗಳಲ್ಲಿ ಒಳ್ಳೆಯದನ್ನು ನೋಡಿ ಒಡೆದುಬಿಟ್ಟರು. ಪಾಪ, ಅಪ್ಪನಾದವನು ಮಾಡಬೇಕಾದ್ದನ್ನೇ ಮಾಡಿದರು. ಒಡೆದ ಹೋಳು ಹಿಡಿದು ಅಡಿಗೆಮನೆಗೆ ಬಂದು, "ನೋಡೇ, ಎಂಥಾ ಬೆಳ್ಳಗಿದೆ! ಸಮಾ ಎರಡು ಹೋಳಾಯ್ತು. ಕೂಡಿ ಬರುತ್ತೆ ಬಿಡು" ಎಂದರಂತೆ.

ಬೀಗರಾಗುವವರು ಆಗಲೇ ಬಸ್ ಇಳಿದು ಬರುತ್ತಿದ್ದರು. ಅಂಗಡಿಗೆ ಯಾರನ್ನಾದರೂ ಓಡಿಸೋಣವೆಂದರೆ ಹೊತ್ತಿರಲಿಲ್ಲ. ಅಕ್ಕ ಬಾಗಿಲ ಮರೆಗೆ ನನ್ನನ್ನು ಎಳೆದುಕೊಂಡು, ಉಳಿದ ಕಾಯಿಯ ದಾರವನ್ನು ಹಲ್ಲಿನಿಂದ ಕಚ್ಚಿ ತೆಗೆದರು. ಕಿವಿಯ ಬಳಿ ಅಲ್ಲಾಡಿಸಿದರು.

"ನೀರಿದೆಯೇನೇ?"

"ಸ್ವಲ್ಪ ಇದೆ ಅನ್ಸುತ್ತೆ ಅಕ್ಕಾ."

"ಇವತ್ತೊಂದಿನ ಮಾನ ಉಳಿಸಿದ್ರೆ ಸಾಕು ಮಾರಾಯ್ತಿ."

ಹುಡುಗಿಯನ್ನು ನೋಡುವ ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಹುಡುಗ ಹೆಚ್ಚು ಮಾತಾಡಲಿಲ್ಲ, ಉಪ್ಪಿಟ್ಟು ಮಾತ್ರ ಎರಡು ಸಲ ಹಾಕಿಸಿಕೊಂಡ. ಅವನ ತಾಯಿ ಕುಳ್ಳಗೆ, ದಪ್ಪಗೆ, ಕನ್ನಡಕ ಹಾಕಿದ ಹೆಂಗಸು. ಹೊರಡುವಾಗ ಅಕ್ಕ ಅವರ ಉಡಿಗೆ ಕಾಯಿ ಹಾಕಿದರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸಂಜೆ ನನ್ನ ಸೀರೆ ಮಡಿಸಿ ವಾಪಸ್ ಕೊಡಲು ಬಂದ ಹುಡುಗಿ, "ಅವ್ರಿಗೆ ಬಸ್ಸು ಬೇಗ ಸಿಕ್ಕಿತಂತಾ ಆಂಟಿ?" ಎಂದು ಕೇಳಿದಳು. ನಾನು ನಕ್ಕೆ. ಅವಳೂ ನಕ್ಕು ಓಡಿದಳು.

ಎರಡು ದಿನ ಕಳೆದು, ಮಟಮಟ ಮಧ್ಯಾಹ್ನ, ಆ ತಾಯಿ ಒಬ್ಬರೇ ವಾಪಸ್ ಬಂದರು. ಕೈಯಲ್ಲಿ ವೈರ್ ಬುಟ್ಟಿ. ಗಂಡಸರು ಯಾರೂ ಇರಲಿಲ್ಲ. ನಮ್ಮ ಕೆಂಪು ಕುರ್ಚಿಗಳು ನಮ್ಮ ಜಗಲಿಗೆ ಬಂದಿದ್ದವು. ಹೂವಿನ ಪರದೆ ಕೊನೆಮನೆಯ ಬಾಗಿಲಲ್ಲಿ ಹಾರುತ್ತಿತ್ತು. ನಾನು... ನಾನು ಆ ದಿನ ಅಣ್ಣನ ಮಗುವಿನ ನಾಮಕರಣಕ್ಕೆ ಹೊರಟಿದ್ದೆ. ಉಟ್ಟದ್ದು ಅದೇ ಹಸಿರು ಸೀರೆ.

ಅವರು ಲೈನಿನ ನಡುವೆ ನಡೆದು ಬರುವಾಗ ಕುರ್ಚಿಯನ್ನು ನೋಡಿದರು, ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಖದಿಂದ ಅಂಚಿನವರೆಗೆ. ನಗಲಿಲ್ಲ, ಹುಬ್ಬು ಏರಿಸಲೂ ಇಲ್ಲ. ಬೇಕೆಂದೇ ಬೇರೆ ಕಡೆ ನೋಡಿದರು. ಅದನ್ನು ನನಗೆ ತಡೆಯಲಾಗಲಿಲ್ಲ. ಒಳಗೆ ಸರಿದು ಕದದ ಹಿಂದೆ ನಿಂತುಬಿಟ್ಟೆ. ಉಟ್ಟ ಸೀರೆಯನ್ನು ಕೈಯಿಂದ ಮುಚ್ಚಿಕೊಳ್ಳಲು ನೋಡುತ್ತಿದ್ದೆ ಎಂದರೆ ನೀವು ನಂಬಬೇಕು.

ಅಕ್ಕ ಹೊಸ್ತಿಲಿಗೆ ಬಂದರು. ಆ ತಾಯಿ ಬುಟ್ಟಿಯಿಂದ ಕಾಯಿ ತೆಗೆದು, ಪಕ್ಕದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು. ನಾಲ್ಕು ಹೆಜ್ಜೆ ಆಚೆಗಿದ್ದ ನನಗೆ ಮಾತ್ರ ಎಲ್ಲವೂ ಕೇಳಿಸಿತು.

"ತಪ್ಪು ತಿಳ್ಕೋಬೇಡಿ ಅಮ್ಮ. ಇದು ನಿಮ್ಮ ಬೀದಿಯ ಓಡಾಡೋ ಕಾಯಿ ಇರ್ಬೇಕು. ಜುಟ್ಟಲ್ಲಿ ಅರಿಶಿನ ಉಳಿದಿದೆ ನೋಡಿ. ದಾವಣಗೆರೆಯಲ್ಲಿ ನಮ್ಮನೆಯವ್ರ ಮಿಲ್ಲು ಮುಚ್ಚಿದಾಗ ನಾವೂ ಹಿಂಗೇ ಮಾಡ್ತಿದ್ವಿ. ನಾವು ಕುಂಕುಮದ ಬೊಟ್ಟು ಇಡ್ತಿದ್ವಿ. ನಮ್ಮನೇಲಿ ನಿಂತುಬಿಟ್ರೆ ನಿಮಗೆಲ್ಲ ತೊಂದ್ರೆ ಅಂತ ತಂದೆ. ಹುಡುಗಿ ನಮಗೆ ಒಪ್ಪಿಗೆ. ಅದನ್ನೂ ಹೇಳಣ ಅಂತ."

ಇಷ್ಟು ಒಳ್ಳೆಯ ಮಾತನ್ನು ನಾನು ಆಮೇಲೆ ಬಹಳ ಕಡೆ ಕೇಳಿಲ್ಲ. ಆದರೆ ಅಕ್ಕನ ಮುಖ ಸುಟ್ಟ ಹಾಗಾಯಿತು. ಎಂಟು ಮನೆಗೆ ಬುದ್ಧಿ ಹೇಳುವ ಹೆಂಗಸು, ಸಂತೆಯಲ್ಲಿ ಯಾರಿಗೂ ತಲೆ ತಗ್ಗಿಸದವರು, ಹೊಸ್ತಿಲಿನ ಮೇಲೆ ನಿಂತಲ್ಲೇ ನಿಂತರು.

"ಯಾವ ಕಾಯಿ? ನಾವು ಕೊಟ್ಟಿದ್ದು ಹೊಸಾ ಕಾಯಿ" ಎಂದರು. ಧ್ವನಿ ಜೋರಾಯಿತು. "ನಮ್ಮನೇಲಿ ಅಂಥಾ ಬಡತನ ಏನೂ ಬಂದಿಲ್ಲ. ನಿಮ್ಮನೇಲೇ ಬದ್ಲಾಗಿರ್ಬೇಕು, ಸರಿಯಾಗಿ ನೋಡ್ಕೊಳ್ಳಿ."

ಆ ತಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಇರ್ಬಹುದಮ್ಮ" ಎಂದರು. "ನಮ್ಮನೇಲೇ ಬದ್ಲಾಗಿರ್ಬೇಕು." ಕಾಯಿಯನ್ನು ಜಗಲಿಯ ಅಂಚಿನಲ್ಲಿಟ್ಟರು. ಒಂದು ಕ್ಷಣ ನಿಂತರು, ಯಾರಾದರೂ ಏನಾದರೂ ಹೇಳುತ್ತಾರೇನೋ ಎನ್ನುವ ಹಾಗೆ. ಬಂದ ದಾರಿಯಲ್ಲೇ ಹೊರಟುಹೋದರು. ಬಿಸಿಲಿಗೆ ಬುಟ್ಟಿಯನ್ನು ತಲೆಗೆ ಅಡ್ಡ ಹಿಡಿದಿದ್ದರು. ಎಂಟು ಮನೆಯ ಬಾಗಿಲೂ ಅರ್ಧರ್ಧ ತೆರೆದಿದ್ದವು.

ಆ ವಾರವೇ ಸಂಬಂಧ ಹೇಳಿದವರು ಬಂದಾಗ ಅಕ್ಕ, "ಹುಡುಗನ ಸಂಬಳ ಕಮ್ಮಿಯಾಯ್ತು" ಎಂದು ಕಳಿಸಿಬಿಟ್ಟರು. ಸಂಬಳ ಕಮ್ಮಿ! ನಮ್ಮ ಲೈನಿನಲ್ಲಿ ನಿಂತು ಆಡುವ ಮಾತೇ ಅದು? ಆದರೂ ನಲ್ಲಿಯ ಬಳಿ ಎಲ್ಲರೂ ಸರಿಯಾಗಿ ಮಾಡಿದ್ರಿ, ಅವಳು ನಮ್ಮನ್ನು ಆಡಿಕೊಳ್ಳಲು ಬಂದವಳು ಎಂದೆವು. ಹಾಗೆ ನಂಬುವುದು ಸುಲಭವಿತ್ತು. ಅವರು ಒಳ್ಳೆಯವರು ಎಂದು ಒಪ್ಪಿಕೊಂಡರೆ ನಮ್ಮ ಕುರ್ಚಿ, ಪರದೆ, ಸೀರೆ ಎಲ್ಲವನ್ನೂ ಅವರು ಕಂಡಿದ್ದಾರೆ ಎಂದೂ ಒಪ್ಪಿಕೊಳ್ಳಬೇಕಿತ್ತು. ಹುಡುಗಿ ಮಾತ್ರ ಕೊಡ ಹಿಡಿದು ಸುಮ್ಮನೆ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಕಾಯಿ ಜಗಲಿಯ ಮೇಲೆ ಎಷ್ಟೋ ದಿನ ಇತ್ತು. ಯಾರೂ ಮುಟ್ಟಲಿಲ್ಲ. ಆಮೇಲೆ ಏನಾಯಿತೋ... ನನಗೆ ನೆನಪಿಲ್ಲ. ನೆನಪಿರುವುದು ಬೇರೆ. ಅದಾದ ಮೇಲೆ ನಮ್ಮ ಲೈನಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನುಚ್ಚಿನ ಮೂಟೆ ಬರುವುದು ನಿಂತಿತು. ಒಬ್ಬೊಬ್ಬರೂ ಕಾಲು ಕೇಜಿ, ಅರ್ಧ ಕೇಜಿ ಅಂಗಡಿಯಲ್ಲಿ ಕೊಂಡುತಂದರು, ಹೆಚ್ಚಿಗೆ ದುಡ್ಡು ಕೊಟ್ಟು. ಮುಂದಿನ ಶ್ರಾವಣದಲ್ಲಿ ಕರೆದವರಿಗೆಲ್ಲ ತಲೆನೋವು, ಮೈಗೆ ಹುಷಾರಿಲ್ಲ. ಸಂಜೆ ನೀರು ಹಿಡಿಯುವಾಗ ಕೊಡ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

ನಾವು ಶಿವಮೊಗ್ಗಕ್ಕೆ ಬಂದೆವು. ಬ್ಲೌಸ್ ಪೀಸಿನ ಗಂಟು ಹೊತ್ತು ಮನೆಮನೆಗೆ ಹೋಗಿ ಮಾರಿದೆ, ಆಮೇಲೆ ಅಂಗಡಿಯಾಯಿತು. ಒಮ್ಮೆ ನೆಹರೂ ರಸ್ತೆಯಲ್ಲಿ ಅಕ್ಕ ಎದುರಿಗೆ ಬರುವುದು ಕಂಡಿತು. ನಾನು ಕೈಯೆತ್ತುವಷ್ಟರಲ್ಲಿ ಅವರು ಒಂದು ಪಾತ್ರೆ ಅಂಗಡಿಗೆ ತಿರುಗಿಬಿಟ್ಟರು. ನನಗೆ ಬೇಜಾರಾಗಲಿಲ್ಲ. ನಾಚಿಕೆಯಾಯಿತು, ಯಾಕೆಂದರೆ ಒಳಗೊಳಗೇ ನನಗೂ ಸಮಾಧಾನವಾಗಿತ್ತು. ಒಬ್ಬರ ಖಾಲಿ ಡಬ್ಬ ಒಬ್ಬರು ನೋಡಿದವರು ನಾವು. ತುಂಬಿದ ಮೇಲೆ ಮುಖ ನೋಡುವುದು ಕಷ್ಟ.

ಆ ಹುಡುಗಿ ಈಗ ಜನ್ನಾಪುರದಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮತ್ತೆ ಎರಡು ಸಂಬಂಧ ಬಂದವಂತೆ, ಕೂಡಲಿಲ್ಲ. ಮೂರನೆಯದಕ್ಕೆ ಅವಳೇ, ಇನ್ನು ಯಾರ ಮುಂದೆಯೂ ತಟ್ಟೆ ಹಿಡಿದು ಬರುವುದಿಲ್ಲ ಎಂದು ಹೇಳಿದಳಂತೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಒಯ್ಯುತ್ತಾಳೆ. ಥೇಟ್ ಅವರಮ್ಮನ ಹಾಗೆ ಚೌಕಾಸಿ. ಆರಿಸಿ, ಪಕ್ಕಕ್ಕಿಟ್ಟು, ಆಮೇಲೆ ದರ. ನಾನು ಯಾರಿಗೂ ಇಳಿಸದ ದರಕ್ಕೆ ಅವಳಿಗೆ ಇಳಿಸುತ್ತೇನೆ. "ಆಂಟಿ, ನೀವು ಇಷ್ಟು ಬೇಗ ಸೋತ್ರೆ ಮಜಾನೇ ಇರಲ್ಲ" ಎನ್ನುತ್ತಾಳೆ.

ಅಕ್ಕ ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ಕಾರ್ಯವೆಲ್ಲ ಮುಗಿದ ಮೇಲೆ. ಮೊನ್ನೆ ಅಕ್ಕನ ಮಗಳು ಬಂದಾಗ ಧೈರ್ಯ ಮಾಡಿ, ಅಮ್ಮ ಆ ಲೈನಿನ ಸುದ್ದಿ ಎತ್ತುತ್ತಿದ್ದರಾ ಎಂದು ಕೇಳಿದೆ. ಬಟ್ಟೆ ಮಡಿಸುತ್ತ, ತಲೆಯೆತ್ತದೆ ಹೇಳಿದಳು:

"ಕಾಯಿ ಸುದ್ದಿ ಒಂದ್ಸಲಾನೂ ಎತ್ಲಿಲ್ಲ ಆಂಟಿ. ಆದ್ರೆ ಕೊನೇಲಿ ಹಾಸಿಗೆ ಹಿಡಿದಾಗ ಒಂದೇ ಮಾತು. 'ಅಷ್ಟು ಬಿಸಿಲಲ್ಲಿ ಬಂದಿದ್ಲಲ್ಲೇ ಅವಳು, ಬಸ್ ಚಾರ್ಜ್ ಹಾಕ್ಕೊಂಡು. ಒಂದು ಲೋಟ ಕಾಫಿ ಕೊಡ್ಲಿಲ್ಲ ನಾವು.' ದಿನಾ ಕೇಳೋರು, 'ಕೊಟ್ವೇನೇ? ಕೊಡ್ಲಿಲ್ಲ ಅಲ್ವೇನೇ?' ಅಂತ."

'ನಾವು' ಎಂದಿದ್ದರು ಅಕ್ಕ. 'ನಾನು' ಎನ್ನಲಿಲ್ಲ. ಕದದ ಹಿಂದೆ ನಿಂತವರನ್ನೂ ಸೇರಿಸಿಯೇ ಹೇಳಿದ್ದರು. ಹುಡುಗಿಗೆ ಕೊಡಬೇಕಾದ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ ಕೊಟ್ಟೆ.

ಉಳಿತಾಯದ ಬುದ್ಧಿಮಾತು ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಈಗ ಎಲ್ಲರ ಮನೆಯಲ್ಲೂ ಕೈ ಬಿಗಿಯಾಗಿದೆ, ಆದ್ದರಿಂದ ಇದನ್ನೂ ಕೇಳಿಸಿಕೊಳ್ಳಿ. ನಿಮ್ಮ ಮನೆಯ ಕೊರತೆಯನ್ನು ಕಂಡುಕೊಂಡ ಯಾರಾದರೂ ಒಂದು ದಿನ ಬಾಗಿಲಿಗೆ ಬಂದು ನಿಲ್ಲಬಹುದು. ಹೊಸ್ತಿಲಿನಲ್ಲಿ ನಿಂತು ಉತ್ತರ ಕೊಡಬೇಡಿ. ಒಳಗೆ ಕರೆಯಿರಿ, ಕುರ್ಚಿ ಇಲ್ಲದಿದ್ದರೆ ಚಾಪೆ ಹಾಸಿ. ಒಲೆ ಹಚ್ಚಿ. ಸಕ್ಕರೆ ಮುಗಿದಿದ್ದರೆ ಡಿಕಾಕ್ಷನ್ನಿಗೆ ಬೆಲ್ಲ ಹಾಕಿ. ಹಾಲನ್ನು ಅದರ ಜೊತೆ ಕುದಿಸಬೇಡಿ, ಒಡೆಯುತ್ತದೆ. ಬೇರೆ ಕಾಯಿಸಿಟ್ಟು, ಒಲೆ ಆರಿಸಿದ ಮೇಲೆ ಸೇರಿಸಿ. ಹಾಲೂ ಇಲ್ಲದಿದ್ದರೆ ಹಾಗೇ ಕೊಡಿ. ಅವರು ಲೋಟ ಕೆಳಗಿಡುವಷ್ಟರಲ್ಲಿ ನಿಮ್ಮ ಎದೆಬಡಿತ ಹದಕ್ಕೆ ಬಂದಿರುತ್ತದೆ. ಏನು ಹೇಳಬೇಕೋ ಆಮೇಲೆ ಹೇಳಿ.